ಕಡಲಿನ ಪವನ ವಿದ್ಯುತ್ ಯೋಜನೆಗಳಲ್ಲಿ ಗಣಿತದ ನೆರವಿನಿಂದ ತೀರ್ಮಾನ ಕೈಗೊಳ್ಳುವ ಬಗೆ: ಹಾಸನದ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಅರಸೀಕೆರೆ ದಾಟಿ ಹೊಸದುರ್ಗ, ಚಿತ್ರದುರ್ಗದ ಕಡೆ ಹೋದವರಿಗೆಲ್ಲ ಗುಡ್ಡದ ಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳ ಪರಿಚಯವಿದೆ. ಅಂಥದ್ದೇ ಯಂತ್ರಗಳನ್ನು ಕಡಲಿನ ನಡುವೆ ನಿಲ್ಲಿಸುವ ಕೆಲಸ ಡೆನ್ಮಾರ್ಕಿನ ವಿಂಡೆಬಿಯಲ್ಲಿ 1991ರಲ್ಲೇ ಆರಂಭವಾಯಿತು; ನಮ್ಮ ದೇಶದಲ್ಲಿ ಅದು ಇನ್ನೂ ಮೊದಲ ಹಂತದಲ್ಲಿದೆ. ಕೇಂದ್ರ ಸರ್ಕಾರವು 2015ರಲ್ಲಿ ಇದಕ್ಕೆಂದೇ ಒಂದು ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. 2024ರ ಜೂನ್ ತಿಂಗಳಲ್ಲಿ ಗುಜರಾತ್ ಮತ್ತು ತಮಿಳುನಾಡಿನ ಕರಾವಳಿಯಾಚೆ ತಲಾ 500 ಮೆಗಾವಾಟ್ ಸಾಮರ್ಥ್ಯದ ಸ್ಥಾವರಗಳಿಗೆಂದು 7,453 ಕೋಟಿ ರೂಪಾಯಿಗಳ ನೆರವಿಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಅದರಲ್ಲಿ 600 ಕೋಟಿ ರೂಪಾಯಿ ಎರಡು ಬಂದರುಗಳ ಸುಧಾರಣೆಗೆ ಮೀಸಲಾಗಿದೆ. ಇಷ್ಟು ದೊಡ್ಡ ಮೊತ್ತ ತೊಡಗುವ ಕೆಲಸದಲ್ಲಿ ಯಂತ್ರಗಳನ್ನು ಎಲ್ಲಿ ನಿಲ್ಲಿಸಬೇಕು, ಕೇಬಲ್ಲನ್ನು ಯಾವ ದಾರಿಯಲ್ಲಿ ಎಳೆಯಬೇಕು, ಹಡಗನ್ನು ಎಷ್ಟು ದಿನಕ್ಕೆ ಬಾಡಿಗೆಗೆ ಹಿಡಿಯಬೇಕು ಎಂಬ ಪ್ರಶ್ನೆಗಳಿಗೆ ಅಂದಾಜಿನ ಉತ್ತರ ಸಾಲದು.

ಹಾಸನದಲ್ಲಿ ಕೂತು ಕಡಲಿನ ಲೆಕ್ಕ ಮಾಡುವುದು ಹೇಗೆ ಎಂದು ಹಿಂಜರಿಯಬೇಕಾಗಿಲ್ಲ. 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಇದೇ ಊರಿನ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ದಶಕಗಳಿಂದ ನಿಯಂತ್ರಿಸಲಾಗುತ್ತಿದೆ. ಈ ಕೆಲಸಕ್ಕೆ ಬೇಕಾದದ್ದು ನಂಬಬಹುದಾದ ದತ್ತಾಂಶ, ಒಂದು ಸಾಧಾರಣ ಲ್ಯಾಪ್‌ಟಾಪ್, ಮತ್ತು ಲೆಕ್ಕವನ್ನು ಪ್ರಾಮಾಣಿಕವಾಗಿ ಪರೀಕ್ಷಿಸುವ ತಾಳ್ಮೆ. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದವರನ್ನೂ ಗಣಿತದ ಎಂ.ಎಸ್ಸಿ. ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟು ಈ ಲೇಖನವನ್ನು ಬರೆದಿದ್ದೇನೆ. ದ್ವಿತೀಯ ಪಿಯುಸಿಯ ಲೀನಿಯರ್ ಪ್ರೋಗ್ರಾಮಿಂಗ್ ಪಾಠ ನೆನಪಿದ್ದರೆ ಆರಂಭಕ್ಕೆ ಅಷ್ಟು ಸಾಕು.

ಮೊದಲ ಹೆಜ್ಜೆ: ವಿಧಾನವನ್ನಲ್ಲ, ತೀರ್ಮಾನವನ್ನು ಬರೆಯಿರಿ

ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳು ಬಹುಮಟ್ಟಿಗೆ ವಿಧಾನದ ಹೆಸರಿನಿಂದಲೇ ಶುರುವಾಗುತ್ತವೆ: ಜೆನೆಟಿಕ್ ಅಲ್ಗಾರಿದಮ್ ಬಳಸಿ ಇಂಥದ್ದು, ಪಾರ್ಟಿಕಲ್ ಸ್ವಾರ್ಮ್ ಬಳಸಿ ಇಂಥದ್ದು (ಎರಡೂ ಪ್ರಕೃತಿಯನ್ನು ಅನುಕರಿಸಿ ಒಳ್ಳೆಯ ಉತ್ತರ ಹುಡುಕುವ ಕಂಪ್ಯೂಟರ್ ವಿಧಾನಗಳು). ಇದು ತಲೆಕೆಳಗಾದ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಒಂದು ಹಾಳೆಯ ಮೇಲೆ ಮೂರು ಸಂಗತಿಗಳನ್ನು ಬರೆದುಕೊಳ್ಳಿ: ತೀರ್ಮಾನ ಮಾಡುವವರು ಯಾರು, ಅದನ್ನು ಮಾಡುವ ಹೊತ್ತಿಗೆ ಅವರಿಗೆ ಏನೇನು ಗೊತ್ತಿರುತ್ತದೆ, ಮಾಡಿದ ಮೇಲೆ ಅದನ್ನು ಬದಲಿಸಲು ಸಾಧ್ಯವೇ. ಮೂರನೆಯ ಪ್ರಶ್ನೆಗೆ ಸಿಗುವ ಉತ್ತರವೇ ಮುಂದಿನ ಎಲ್ಲವನ್ನೂ ನಿರ್ಧರಿಸುತ್ತದೆ.

ಸಮುದ್ರತಳಕ್ಕೆ ಬಡಿದ ಉಕ್ಕಿನ ಕಂಬವನ್ನು ಕಿತ್ತು ನೂರು ಮೀಟರ್ ಆಚೆ ನೆಡಲಾಗುವುದಿಲ್ಲ. ವಿಂಡೆಬಿಯ 11 ಯಂತ್ರಗಳು ನಿಲ್ಲಿಸಿದ ಜಾಗದಲ್ಲೇ ಕಾಲು ಶತಮಾನ ದುಡಿದು 2017ರಲ್ಲಿ ಕಳಚಲ್ಪಟ್ಟವು. ಅಡಿಪಾಯ, ಕೇಬಲ್ಲು, ಸಬ್‌ಸ್ಟೇಷನ್‌ಗಳ ತೀರ್ಮಾನಗಳೆಲ್ಲ ಈ ಬಗೆಯವು. ದುರಸ್ತಿಯ ವೇಳಾಪಟ್ಟಿಯನ್ನಾದರೋ ವಾರಕ್ಕೊಮ್ಮೆ ತಿದ್ದಬಹುದು. ಗ್ರಿಡ್‌ಗೆ ಕೊಡುವ ಉತ್ಪಾದನೆಯ ಮುನ್ಸೂಚನೆಯಂತೂ 15 ನಿಮಿಷಗಳ ಅವಧಿಯ ಲೆಕ್ಕದಲ್ಲಿ, ಅಂದರೆ ದಿನಕ್ಕೆ 96 ಭಾಗಗಳಾಗಿ ನಡೆಯುತ್ತದೆ. ತಿದ್ದಲಾಗದ ತೀರ್ಮಾನಕ್ಕೆ ನಿಧಾನವಾದರೂ ಖಾತರಿ ಕೊಡುವ ವಿಧಾನ ಬೇಕು. ದಿನವೂ ತಿದ್ದುವ ತೀರ್ಮಾನಕ್ಕೆ ಬೇಗ ಮುಗಿಯುವ, ಸಾಕಷ್ಟು ಒಳ್ಳೆಯ ಉತ್ತರ ಸಾಕು. ಈ ಭೇದವನ್ನು ಮರೆತು ಎಲ್ಲವನ್ನೂ ಒಂದೇ ಮಾದರಿಯಲ್ಲಿ ತುರುಕಿದರೆ ಆ ಮಾದರಿ ಬಿಡಿಸಲೂ ಬಾರದು, ಅರ್ಥಕ್ಕೂ ಸಿಕ್ಕದು.

ಎರಡನೆಯ ಹೆಜ್ಜೆ: ದತ್ತಾಂಶ ಕೂಡಿಸಿ, ಸರಾಸರಿಯನ್ನು ಮಾತ್ರ ನಂಬಬೇಡಿ

ಯುರೋಪಿನ ಹವಾಮಾನ ಕೇಂದ್ರ ಸಿದ್ಧಪಡಿಸಿರುವ ಇರಾ-5 ದತ್ತಾಂಶ ಉಚಿತವಾಗಿ ದೊರೆಯುತ್ತದೆ. ಸುಮಾರು 31 ಕಿಲೋಮೀಟರ್ ಅಂತರದ ಬಿಂದುಗಳಲ್ಲಿ, 1940ರಿಂದ ಇಂದಿನವರೆಗೆ, ಗಂಟೆಗೊಂದರಂತೆ 100 ಮೀಟರ್ ಎತ್ತರದ ಗಾಳಿಯ ವೇಗ, ದಿಕ್ಕು ಅದರಲ್ಲಿವೆ; ಅಲೆಗಳ ಎತ್ತರವೂ ಇದೆ, ಆದರೆ ಇನ್ನಷ್ಟು ದೂರ ದೂರದ ಬಿಂದುಗಳಲ್ಲಿ. ಇದು ನೇರವಾಗಿ ಅಳೆದದ್ದಲ್ಲ, ಮಾದರಿ ಮತ್ತು ವೀಕ್ಷಣೆಗಳನ್ನು ಬೆಸೆದು ಕಟ್ಟಿದ್ದು. ಆದ್ದರಿಂದ ಅಳೆದ ಮಾಹಿತಿ ಸಿಕ್ಕಲ್ಲೆಲ್ಲ ಅದರೊಡನೆ ಹೋಲಿಸಿ ಸರಿಪಡಿಸಿಕೊಳ್ಳಬೇಕು. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯು ಖಂಭಾತ್ ಕೊಲ್ಲಿಯಲ್ಲಿ 2017ರಲ್ಲಿ ಲೈಡಾರ್ (ಲೇಸರ್ ಕಿರಣದಿಂದ ಗಾಳಿಯ ವೇಗ ಅಳೆಯುವ ಉಪಕರಣ) ಸ್ಥಾಪಿಸಿ ಗಾಳಿಯನ್ನು ಅಳೆದದ್ದು ಈ ಕಾರಣಕ್ಕೇ.

ಗಾಳಿಯಲ್ಲಿರುವ ಶಕ್ತಿಯು ವೇಗದ ಘನಕ್ಕೆ ಅನುಪಾತದಲ್ಲಿರುವುದರಿಂದ ಸರಾಸರಿ ವೇಗವೊಂದನ್ನೇ ಹಿಡಿದು ಲೆಕ್ಕ ಹಾಕಿದರೆ ಮೋಸಹೋಗುತ್ತೇವೆ. ಅರ್ಧ ಕಾಲ ಸೆಕೆಂಡಿಗೆ 6 ಮೀಟರ್, ಉಳಿದರ್ಧ ಕಾಲ 10 ಮೀಟರ್ ವೇಗದ ಗಾಳಿ ಬೀಸುವ ಜಾಗವನ್ನು ತೆಗೆದುಕೊಳ್ಳಿ. ಸರಾಸರಿ 8, ಅದರ ಘನ 512. ಘನಗಳ ನಿಜವಾದ ಸರಾಸರಿಯಾದರೋ 216 ಮತ್ತು 1,000ದ ನಡುವಿನ 608. ಒಂದೇ ಒಂದು ಅವಸರದ ಸರಾಸರಿಯಿಂದ ಶೇ. 19ರಷ್ಟು ವ್ಯತ್ಯಾಸ ಬಿದ್ದಿತು. ಆದ್ದರಿಂದ ದಿಕ್ಕುಗಳನ್ನು 12 ಭಾಗ ಮಾಡಿ, ಪ್ರತಿ ದಿಕ್ಕಿಗೂ ವೇಗದ ಹಂಚಿಕೆಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ಯಾವ ವೇಗ ಎಷ್ಟು ಹೊತ್ತು ಎಂಬುದನ್ನು ಎರಡೇ ಸಂಖ್ಯೆಗಳಲ್ಲಿ ಹಿಡಿದಿಡುವ ವೈಬುಲ್ ಹಂಚಿಕೆ ಸಾಮಾನ್ಯವಾಗಿ ಇದಕ್ಕೆ ಹೊಂದುತ್ತದೆ.

ಮೂರನೆಯ ಹೆಜ್ಜೆ: ಯಂತ್ರಗಳ ಜಾಗ

ಗಾಳಿಯಂತ್ರವು ಗಾಳಿಯಿಂದ ಶಕ್ತಿ ಹೀರಿದಾಗ ಅದರ ಹಿಂದೆ ವೇಗ ಕುಂದಿದ ಗಾಳಿಯ ಪಟ್ಟಿಯೊಂದು ಉಳಿಯುತ್ತದೆ. ಇದನ್ನು ವೇಕ್ ಎನ್ನುತ್ತಾರೆ. ಕಡಲಿನ ಮೇಲೆ ಗುಡ್ಡ, ಮರಗಳ ಕದಡುವಿಕೆ ಇಲ್ಲದ್ದರಿಂದ ಈ ಪಟ್ಟಿ ಬೇಗ ಅಳಿಯುವುದಿಲ್ಲ. ಎಷ್ಟು ಕುಂದುತ್ತದೆ ಎಂಬುದಕ್ಕೆ ಡೆನ್ಮಾರ್ಕಿನ ರಿಸೊ ಪ್ರಯೋಗಾಲಯದ ಯೆನ್ಸೆನ್ 1983ರಲ್ಲಿ ಕೊಟ್ಟ ಸರಳ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಒಂದರಿಂದ ಥ್ರಸ್ಟ್ ಗುಣಾಂಕವನ್ನು (ಗಾಳಿಯು ಯಂತ್ರವನ್ನು ತಳ್ಳುವ ಬಲದ ಅಳತೆ) ಕಳೆದು, ಉಳಿದದ್ದರ ವರ್ಗಮೂಲ ತೆಗೆದು, ಅದನ್ನು ಮತ್ತೆ ಒಂದರಿಂದ ಕಳೆಯಿರಿ, ಇದು ಅಂಶ. ಹಿಂದಿನ ದೂರವನ್ನು ವೇಕ್ ಹರಡುವ ದರದಿಂದ ಗುಣಿಸಿ, ರೋಟರಿನ (ತಿರುಗುವ ರೆಕ್ಕೆಗಳ ಚಕ್ರದ) ತ್ರಿಜ್ಯದಿಂದ ಭಾಗಿಸಿ, ಒಂದನ್ನು ಕೂಡಿಸಿ ವರ್ಗ ಮಾಡಿರಿ; ಇದು ಛೇದ. ಭಾಗಲಬ್ಧವೇ ವೇಗದ ಇಳಿಕೆಯ ಪಾಲು.

ಇದನ್ನು ಒಮ್ಮೆ ಕೈಯಿಂದ ಮಾಡಿ ನೋಡಲೇಬೇಕು. ಸಂಶೋಧಕರು ಮಾದರಿಯಾಗಿ ಬಳಸುವ 15 ಮೆಗಾವಾಟ್ ಯಂತ್ರದ ರೋಟರಿನ ವ್ಯಾಸ 240 ಮೀಟರ್. ಥ್ರಸ್ಟ್ ಗುಣಾಂಕ 0.8, ಹರಡುವ ದರ 0.05 ಎಂದಿಟ್ಟುಕೊಳ್ಳೋಣ. ಅಂಶ 0.553. ಎರಡನೆಯ ಯಂತ್ರ ಏಳು ವ್ಯಾಸಗಳಷ್ಟು, ಎಂದರೆ 1,680 ಮೀಟರ್ ಹಿಂದಿದ್ದರೆ ಛೇದ 1.7ರ ವರ್ಗ, ಅಂದರೆ 2.89, ಇಳಿಕೆ ಶೇ. 19. ಸೆಕೆಂಡಿಗೆ 10 ಮೀಟರ್ ಇದ್ದ ಗಾಳಿ 8.1ಕ್ಕೆ ಇಳಿಯುತ್ತದೆ, ಘನ ಮಾಡಿದರೆ ಹಿಂದಿನ ಯಂತ್ರಕ್ಕೆ ಸಿಗುವ ಶಕ್ತಿ ಮುಂದಿನದರ ಶೇ. 53 ಮಾತ್ರ. ಅಂತರವನ್ನು ಹತ್ತು ವ್ಯಾಸಗಳಿಗೆ ಹೆಚ್ಚಿಸಿದರೆ ಅದು ಶೇ. 64ಕ್ಕೆ ಏರುತ್ತದೆ, ಆದರೆ ಕೇಬಲ್ಲಿನ ಉದ್ದವೂ ಬೇಕಾಗುವ ಕಡಲಿನ ವಿಸ್ತೀರ್ಣವೂ ಜೊತೆಗೆ ಏರುತ್ತವೆ. ಇನ್ನೊಂದು ಸೂಕ್ಷ್ಮವಿದೆ. ಈ ಯಂತ್ರ ಸೆಕೆಂಡಿಗೆ ಸುಮಾರು 10.6 ಮೀಟರ್ ವೇಗದಲ್ಲೇ ತನ್ನ ಪೂರ್ಣ ಸಾಮರ್ಥ್ಯ ಮುಟ್ಟುತ್ತದೆ. ಗಾಳಿ 14 ಮೀಟರಿನಲ್ಲಿ ಬೀಸುತ್ತಿದ್ದರೆ ಶೇ. 19ರಷ್ಟು ಇಳಿದರೂ 11.3 ಉಳಿಯುತ್ತದೆ, ಉತ್ಪಾದನೆಗೆ ಏನೂ ನಷ್ಟವಿಲ್ಲ. ಹಾಗಾಗಿ ಮುಂಗಾರಿನ ಬಿರುಗಾಳಿಯ ದಿಕ್ಕಿಗಿಂತ ಮಧ್ಯಮ ವೇಗದ ಗಾಳಿ ಹೆಚ್ಚು ಹೊತ್ತು ಬೀಸುವ ದಿಕ್ಕೇ ಜಾಗದ ಆಯ್ಕೆಯಲ್ಲಿ ಮುಖ್ಯವಾಗಬಹುದು. ಇದನ್ನು ಬರಿಗಣ್ಣಿಗೆ ನಕ್ಷೆ ನೋಡಿ ಊಹಿಸಲಾಗದು.

ಈಗ ಸಮಸ್ಯೆಯನ್ನು ಗಣಿತಕ್ಕೆ ತನ್ನಿ. ಕಡಲಿನ ಪ್ರದೇಶವನ್ನು 10 ಅಡ್ಡ, 10 ಉದ್ದ ಚೌಕಗಳಾಗಿ ಕತ್ತರಿಸಿ. ಪ್ರತಿ ಚೌಕಕ್ಕೂ ಒಂದು ಚರಾಕ್ಷರ: ಯಂತ್ರ ಇದ್ದರೆ 1, ಇಲ್ಲದಿದ್ದರೆ 0. ಒಟ್ಟು 30 ಯಂತ್ರಗಳು ಎಂಬುದು ಒಂದು ನಿರ್ಬಂಧ, ತೀರಾ ಹತ್ತಿರದ ಎರಡು ಚೌಕಗಳ ಮೊತ್ತ 1ನ್ನು ಮೀರಬಾರದು ಎಂಬುದು ಇನ್ನೊಂದು. ಹಡಗುಗಳ ದಾರಿ, ಮೀನುಗಾರರ ಬಲೆ ಬೀಳುವ ಜಾಗ, ಹವಳದ ದಿಬ್ಬಗಳಿರುವ ಚೌಕಗಳನ್ನು ಮೊದಲೇ 0 ಎಂದು ಕಟ್ಟಿಹಾಕಿ. ಇವನ್ನು ಹಣಕ್ಕೆ ಪರಿವರ್ತಿಸಿ ಗುರಿಯ ಸೂತ್ರದೊಳಗೆ ಸೇರಿಸುವವರಿದ್ದಾರೆ; ನನಗದು ಒಪ್ಪಿಗೆಯಿಲ್ಲ. ಮೀನುಗಾರನ ಜೀವನೋಪಾಯಕ್ಕೆ ನಾವು ಮನಸೋಇಚ್ಛೆ ಹಾಕಿದ ಬೆಲೆಯನ್ನು ಕಂಪ್ಯೂಟರ್ ವಿದ್ಯುತ್ತಿನ ದರದೆದುರು ತೂಗಿ ಸುಮ್ಮನೆ ಅಳಿಸಿಹಾಕಿಬಿಡುತ್ತದೆ.

ವೇಕ್‌ನ ನಷ್ಟ ಎರಡು ಯಂತ್ರಗಳ ಜೋಡಿಗೆ ಸಂಬಂಧಿಸಿದ್ದು, ಅಂದರೆ ಎರಡು ಚರಾಕ್ಷರಗಳ ಗುಣಲಬ್ಧ, ಅದು ರೇಖಾತ್ಮಕವಲ್ಲ. ಪ್ರತಿ ಜೋಡಿಗೂ ಹೊಸ ಚರಾಕ್ಷರವೊಂದನ್ನು ತಂದು, ಅದು ಎರಡು ಚೌಕಗಳ ಮೊತ್ತದಿಂದ ಒಂದನ್ನು ಕಳೆದಷ್ಟಕ್ಕಿಂತ ಕಡಿಮೆಯಿರಬಾರದು ಎಂದು ಬರೆದರೆ ಸಮಸ್ಯೆ ಪೂರ್ಣಾಂಕ ರೇಖಾತ್ಮಕ ರೂಪಕ್ಕೆ ಬರುತ್ತದೆ. 100 ಚೌಕಗಳಿಗೆ 4,950 ಜೋಡಿಗಳು. ಇದು ಲ್ಯಾಪ್‌ಟಾಪಿಗೆ ಭಾರವೇ ಸರಿ, ಆದರೂ ಪ್ರಯತ್ನಿಸಬಹುದು. 100ರಲ್ಲಿ 30ನ್ನು ಆರಿಸುವ ಬಗೆಗಳು 29ರ ಮುಂದೆ 24 ಸೊನ್ನೆ ಹಾಕಿದಷ್ಟಿರುವುದರಿಂದ ಒಂದೊಂದನ್ನೂ ಪರೀಕ್ಷಿಸುವ ಮಾತೇ ಇಲ್ಲ. ಮೊಸೆಟ್ಟಿ ಮತ್ತು ಸಂಗಡಿಗರು 1994ರಲ್ಲಿ ಇಂಥದ್ದೇ ನೂರು ಚೌಕಗಳ ಮೇಲೆ ಜೆನೆಟಿಕ್ ಅಲ್ಗಾರಿದಮ್ ಪ್ರಯೋಗಿಸಿದರು; ಆಮೇಲಿನ ಎಷ್ಟೋ ಸಂಶೋಧನೆಗಳು ಆ ಚೌಕವನ್ನೇ ಪರೀಕ್ಷಾ ಕಣವಾಗಿ ಬಳಸಿವೆ.

ಎರಡರಲ್ಲಿ ಯಾವುದು ಮೇಲು? ಪೂರ್ಣಾಂಕ ವಿಧಾನವು ಉತ್ತರದ ಜೊತೆಗೆ, ಇದಕ್ಕಿಂತ ಒಳ್ಳೆಯದು ಇದ್ದರೂ ಶೇಕಡಾ ಇಷ್ಟಕ್ಕಿಂತ ಹೆಚ್ಚು ಒಳ್ಳೆಯದು ಇರಲಾರದು ಎಂಬ ಖಾತರಿಯನ್ನೂ ಕೊಡುತ್ತದೆ. ಜೆನೆಟಿಕ್ ಅಲ್ಗಾರಿದಮ್ಮಿಗೆ ಆ ಶಕ್ತಿಯಿಲ್ಲ. ಆದರೆ ವೇಕ್‌ನ ಎಷ್ಟೇ ಜಟಿಲ ಮಾದರಿಯನ್ನಾದರೂ ಅದು ನುಂಗಿಕೊಳ್ಳುತ್ತದೆ. ಜಾಗದ ತೀರ್ಮಾನವು ತಿದ್ದಲಾಗದ್ದರಿಂದ ಎರಡನ್ನೂ ಸರದಿಯಲ್ಲಿ ಬಳಸುವುದು ಲೇಸು. ಜೆನೆಟಿಕ್ ಅಲ್ಗಾರಿದಮ್ಮಿನಂಥ ಅಂದಾಜು ವಿಧಾನದಿಂದ ಸಿಕ್ಕ ಉತ್ತರವನ್ನು ಪೂರ್ಣಾಂಕ ಸಾಲ್ವರಿಗೆ (ಸಮಸ್ಯೆ ಬಿಡಿಸುವ ತಂತ್ರಾಂಶಕ್ಕೆ) ಆರಂಭದ ಬಿಂದುವಾಗಿ ಕೊಡಿ. ಕೊನೆಗೆ ಸಿಕ್ಕ ನಾಲ್ಕಾರು ವಿನ್ಯಾಸಗಳನ್ನು ಪೈವೇಕ್ ಅಥವಾ ಫ್ಲೋರಿಸ್‌ನಂಥ ಉಚಿತ ತಂತ್ರಾಂಶದಲ್ಲಿ ಮತ್ತೆ ಅಳೆಯಿರಿ. ಜೋಡಿಗಳ ನಷ್ಟವನ್ನು ಬರಿದೇ ಕೂಡಿಸುತ್ತ ಹೋದರೆ ನಷ್ಟ ನಿಜಕ್ಕಿಂತ ಹೆಚ್ಚಾಗಿ ಕಾಣುವ ಪ್ರವೃತ್ತಿ ಇದೆ. ಹಲವು ವೇಕ್‌ಗಳು ಒಂದರ ಮೇಲೊಂದು ಬಿದ್ದಾಗ ಇಳಿಕೆಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುವುದು ರೂಢಿ. ಆದ್ದರಿಂದ ಈ ಮರು ಅಳತೆಯನ್ನು ಬಿಡಬಾರದು.

ನಾಲ್ಕನೆಯ ಹೆಜ್ಜೆ: ಕೇಬಲ್ಲು

ಯಂತ್ರಗಳಿಂದ ಕಡಲಿನ ಸಬ್‌ಸ್ಟೇಷನ್ನಿಗೆ ವಿದ್ಯುತ್ ತರುವ ಕೇಬಲ್ಲುಗಳು ಹಿಂದೆ 33 ಕಿಲೋವೋಲ್ಟಿನವು, ಈಗ ಹೆಚ್ಚಾಗಿ 66 ಕಿಲೋವೋಲ್ಟಿನವು. 800 ಆಂಪಿಯರ್ ತಾಳುವ ಕೇಬಲ್ಲು ಎಂದುಕೊಂಡರೆ 1.732 (ಮೂರು ಫೇಸ್‌ಗಳ ಲೆಕ್ಕಕ್ಕೆ ಬರುವ 3ರ ವರ್ಗಮೂಲ), 66 ಮತ್ತು 0.8ರ ಗುಣಲಬ್ಧ 91 ಮೆಗಾವೋಲ್ಟ್ ಆಂಪಿಯರ್. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲನ್ನು, ಅಂದರೆ ಪವರ್ ಫ್ಯಾಕ್ಟರನ್ನು, 0.95 ಹಿಡಿದರೆ 87 ಮೆಗಾವಾಟ್. 15 ಮೆಗಾವಾಟಿನ ಐದು ಯಂತ್ರಗಳನ್ನು ಒಂದು ಸಾಲಿಗೆ ಪೋಣಿಸಬಹುದು, ಆರನೆಯದಕ್ಕೆ ಜಾಗವಿಲ್ಲ. ಈ ಮಿತಿ ಇಲ್ಲದಿದ್ದರೆ ಎಲ್ಲ ಬಿಂದುಗಳನ್ನೂ ಅತಿ ಕಡಿಮೆ ಒಟ್ಟು ಉದ್ದದಲ್ಲಿ ಜೋಡಿಸಲು ಗಣಿತಜ್ಞ ಕ್ರಸ್ಕಲ್ 1956ರಲ್ಲಿ ಕೊಟ್ಟ ಕನಿಷ್ಠ ಹರವಿನ ಮರದ ವಿಧಾನ ಕಣ್ಣುಮುಚ್ಚಿ ತೆರೆಯುವುದರೊಳಗೆ ಉತ್ತರ ಕೊಡುತ್ತಿತ್ತು. ಐದು ಯಂತ್ರ ಎಂಬ ಒಂದೇ ಮಿತಿ ಸೇರಿದ ಕೂಡಲೇ ಸಮಸ್ಯೆ ಬಹಳ ಕಠಿಣವಾಗುತ್ತದೆ. ಅದರ ಮೇಲೆ ಒಂದು ಕೇಬಲ್ಲು ಇನ್ನೊಂದನ್ನು ದಾಟಬಾರದು ಎಂಬ ನಿಯಮವೂ ಉಂಟು. ದಾಟಬಾರದ ಜೋಡಿಗಳನ್ನೆಲ್ಲ ಮೊದಲೇ ಬರೆಯಹೊರಟರೆ ನಿರ್ಬಂಧಗಳು ರಾಶಿ ಬೀಳುತ್ತವೆ. ಮೊದಲು ಅವಿಲ್ಲದೆ ಬಿಡಿಸಿ, ಉತ್ತರದಲ್ಲಿ ನಿಜವಾಗಿ ದಾಟಿರುವ ಜೋಡಿಗಳಿಗೆ ಮಾತ್ರ ನಿರ್ಬಂಧ ಸೇರಿಸಿ, ಮತ್ತೆ ಬಿಡಿಸಿ. ಸಾಮಾನ್ಯವಾಗಿ ಕೆಲವೇ ಸುತ್ತುಗಳಲ್ಲಿ ಮುಗಿಯುತ್ತದೆ.

ಐದನೆಯ ಹೆಜ್ಜೆ: ಹವೆ ಮತ್ತು ಹಡಗು

ನಮ್ಮ ದೇಶದ ಮಟ್ಟಿಗೆ ಅತಿ ಹೆಚ್ಚು ಗಮನ ಬೇಡುವ ಹೆಜ್ಜೆ ಇದು. ಸಿಬ್ಬಂದಿಯನ್ನು ಯಂತ್ರಕ್ಕೆ ಒಯ್ಯುವ ಸಣ್ಣ ದೋಣಿಗಳು ಅಲೆಯ ಎತ್ತರ ಸುಮಾರು ಒಂದೂವರೆ ಮೀಟರ್ ದಾಟಿದರೆ ಕೆಲಸ ಮಾಡಲಾರವು. ಸಕಲೇಶಪುರಕ್ಕೆ ಮಳೆ ತರುವ ನೈಋತ್ಯ ಮುಂಗಾರೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರವನ್ನು ಕಡೆಯುತ್ತದೆ. ಗಾಳಿ ಹೆಚ್ಚು ಬೀಸುವ, ಯಂತ್ರ ಹೆಚ್ಚು ದುಡಿಯಬೇಕಾದ ತಿಂಗಳುಗಳೂ ಅವೇ. ಜೂನ್‌ನಲ್ಲಿ ಕೆಟ್ಟು ನಿಂತ ಯಂತ್ರದ ಬಳಿಗೆ ಹೋಗುವುದೇ ಕಷ್ಟ. ಆದ್ದರಿಂದ ಮುಂಗಾರಿಗೆ ಮೊದಲು ಯಾವ ಯಂತ್ರವನ್ನು ಮುಂಜಾಗ್ರತೆಯಾಗಿ ಬಿಚ್ಚಿ ನೋಡಬೇಕು ಎಂಬುದೇ ವರ್ಷದ ದೊಡ್ಡ ತೀರ್ಮಾನ.

ಲೆಕ್ಕ ಹಾಕುವಾಗ ಶಾಂತವಾದ ಗಂಟೆಗಳ ಮೊತ್ತವನ್ನು ಹಿಡಿಯಬೇಡಿ, ಸತತವಾಗಿ ಸಿಗುವ ಗಂಟೆಗಳನ್ನು ಹಿಡಿಯಿರಿ. ಎಂಟು ಗಂಟೆಗಳ ಕೆಲಸಕ್ಕೆ ದಿನದಲ್ಲಿ ಮೂರು ಮೂರು ಗಂಟೆಗಳ ನಾಲ್ಕು ತುಣುಕು ಸಿಕ್ಕರೆ ಮೊತ್ತ ಹನ್ನೆರಡಾದರೂ ಆಗುವ ಕೆಲಸ ಶೂನ್ಯ.

ದೊಡ್ಡ ಹಡಗಿನ ಬಾಡಿಗೆಯ ಪ್ರಶ್ನೆ ನಮ್ಮ ಕಡೆಯ ಕಾಫಿ ತೋಟದವರಿಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬರುತ್ತದೋ ಇಲ್ಲವೋ ತಿಳಿಯುವ ಮೊದಲೇ ಮುಂಗಡ ಕೊಟ್ಟು ಆಳುಗಳನ್ನು ಗೊತ್ತುಮಾಡಬೇಕು; ಕಡಿಮೆ ಮಾಡಿದರೆ ಕೊನೆಗೆ ದುಬಾರಿ ಕೂಲಿ, ಹೆಚ್ಚು ಮಾಡಿದರೆ ಸುಮ್ಮನೆ ಕೂತ ದಿನಗಳಿಗೂ ಸಂಬಳ. ಇದಕ್ಕೆ ಎರಡು ಹಂತದ ಸ್ಟೊಕಾಸ್ಟಿಕ್ ಪ್ರೋಗ್ರಾಮಿಂಗ್ ಎಂಬ ವಿಧಾನವಿದೆ. ಮೊದಲ ಹಂತದಲ್ಲಿ, ಹವೆ ತಿಳಿಯುವ ಮೊದಲು ಮಾಡಬೇಕಾದ ತೀರ್ಮಾನ. ಎರಡನೆಯ ಹಂತದಲ್ಲಿ, ತಿಳಿದ ಮೇಲೆ ಮಾಡುವ ತಿದ್ದುಪಡಿ.

ಊಹೆಯ ಸಂಖ್ಯೆಗಳಲ್ಲಿ ನೋಡೋಣ. ಕೆಲಸ ಮುಗಿಯಲು ಒಳ್ಳೆಯ ಹವೆಯಲ್ಲಿ 18 ದಿನ, ಸಾಧಾರಣ ಹವೆಯಲ್ಲಿ 24 ದಿನ, ಕೆಟ್ಟ ಹವೆಯಲ್ಲಿ 36 ದಿನ ಬೇಕು. ಇವುಗಳ ಸಂಭವನೀಯತೆ ಕ್ರಮವಾಗಿ 0.5, 0.3, 0.2. ಮುಂಚಿತವಾಗಿ ಗೊತ್ತುಮಾಡಿದ ದಿನಕ್ಕೆ ಒಂದು ಪಾಲು ಬಾಡಿಗೆ, ಕೊನೆಗಳಿಗೆಯಲ್ಲಿ ಸೇರಿಸುವ ಪ್ರತಿ ದಿನಕ್ಕೆ ಮೂರು ಪಾಲು. ಸರಾಸರಿ 23.4 ದಿನ. ಸರಾಸರಿಯಷ್ಟೇ ಗೊತ್ತುಮಾಡಿದವರು ಖರ್ಚು 23.4 ಪಾಲು ಎಂದು ನಂಬಿರುತ್ತಾರೆ, ಆದರೆ ಕೊನೆಗಳಿಗೆಯ ಬಾಡಿಗೆ ಸೇರಿ ನಿಜವಾದ ನಿರೀಕ್ಷಿತ ಖರ್ಚು 31.5. ಹದಿನೆಂಟೇ ದಿನ ಗೊತ್ತುಮಾಡಿದರೆ 34.2, ಇಪ್ಪತ್ತನಾಲ್ಕಾದರೆ 31.2, ಮೂವತ್ತಾರಾದರೆ 36. ಹಾಗಾದರೆ ಇಪ್ಪತ್ತನಾಲ್ಕೇ ಸರಿಯೆ? ಇಲ್ಲಿ ಅವಸರ ಬೇಡ. ಹವೆ ಕೆಟ್ಟರೆ ಇಪ್ಪತ್ತನಾಲ್ಕು ದಿನದವರ ಖರ್ಚು 60ಕ್ಕೆ ಏರುತ್ತದೆ. ಮೂವತ್ತು ದಿನ ಗೊತ್ತುಮಾಡಿದವರ ನಿರೀಕ್ಷಿತ ಖರ್ಚು 33.6, ಕೆಟ್ಟ ವರ್ಷದಲ್ಲಿ 48. ಸಾಲದ ಮೇಲೆ ನಿಂತ ಯೋಜನೆಗೆ 60ರ ಪೆಟ್ಟು ತಾಳಲಾಗದಿರಬಹುದು. ಅಂಥಲ್ಲಿ ಅತಿ ಕೆಟ್ಟ ಫಲಿತಾಂಶಗಳ ಸರಾಸರಿಯನ್ನೂ ಗುರಿಯೊಳಗೆ ಸೇರಿಸುವುದುಂಟು; ಆ ಅಳತೆಯನ್ನು ರೇಖಾತ್ಮಕ ರೂಪದಲ್ಲೇ ಬಿಡಿಸಬಹುದೆಂದು ರಾಕಫೆಲ್ಲರ್ ಮತ್ತು ಉರ್ಯಾಸೆವ್ 2000ದಲ್ಲಿ ತೋರಿಸಿದರು. ಮೂರು ಸನ್ನಿವೇಶಗಳ ಬದಲು ಇರಾ-5ರ ನಲವತ್ತು ವರ್ಷಗಳ ಅಲೆಗಳನ್ನು ನಲವತ್ತು ಸನ್ನಿವೇಶಗಳಾಗಿ ಕೊಟ್ಟರೆ ಇದೇ ಮಾದರಿ ನಿಜವಾದ ಕೆಲಸಕ್ಕೆ ಬರುತ್ತದೆ.

ಆರನೆಯ ಹೆಜ್ಜೆ: ಬಿಡಿಸುವುದು, ನಿಲ್ಲಿಸುವುದು

ಪೈಥಾನ್ ಭಾಷೆಯಲ್ಲಿ ಪಲ್ಪ್ ಅಥವಾ ಪಯೋಮೊ ಎಂಬ ಸಿದ್ಧ ಪ್ಯಾಕೇಜ್ ಬಳಸಿ ಮಾದರಿ ಬರೆಯಿರಿ. ಹೈಸ್ ಮತ್ತು ಸಿಬಿಸಿ ಉಚಿತ ಸಾಲ್ವರುಗಳು, ಗುರೋಬಿ ವಿದ್ಯಾರ್ಥಿಗಳಿಗೆ ಉಚಿತ. ಮೊದಲು ನಾಲ್ಕು ಯಂತ್ರಗಳ ಸಮಸ್ಯೆಯನ್ನು ಕೈಯಿಂದ ಬಿಡಿಸಿ, ಕಂಪ್ಯೂಟರಿನ ಉತ್ತರ ಅದಕ್ಕೆ ತಾಳೆಯಾಗುತ್ತದೆಯೇ ನೋಡದೆ ಮುಂದೆ ಹೋಗಬೇಡಿ. ಸಿಕ್ಕ ಉತ್ತರಕ್ಕೂ ಸಾಧ್ಯವಿರುವ ಅತ್ಯುತ್ತಮದ ಮಿತಿಗೂ ನಡುವೆ ಸಾಲ್ವರ್ ತೋರಿಸುವ ಅಂತರ ಶೇ. 1ಕ್ಕೆ ಇಳಿದಿದ್ದರೆ, ಗಾಳಿಯ ಅಂದಾಜಿನಲ್ಲೇ ಅದಕ್ಕಿಂತ ಹೆಚ್ಚಿನ ಅನಿಶ್ಚಿತತೆ ಇರುವಾಗ, ಇನ್ನೂ ವಾರಗಟ್ಟಲೆ ಓಡಿಸುವುದು ವ್ಯರ್ಥ. ಆ ಸಮಯವನ್ನು ದತ್ತಾಂಶ ತಿದ್ದುವುದಕ್ಕೆ ಕೊಡಿ.

ಕೊನೆಯ ಹೆಜ್ಜೆ: ಪರೀಕ್ಷೆ ಮತ್ತು ವರದಿ

ಮಾದರಿ ಕಟ್ಟುವಾಗ ಬಳಸದೆ ಉಳಿಸಿಕೊಂಡ ಐದಾರು ವರ್ಷಗಳ ಗಾಳಿ ಮತ್ತು ಅಲೆಗಳ ಮೇಲೆ ನಿಮ್ಮ ತೀರ್ಮಾನವನ್ನು ಓಡಿಸಿ. ಮಾದರಿ ಹೇಳಿದ ಲಾಭಕ್ಕೂ ಅಲ್ಲಿ ಸಿಕ್ಕ ಲಾಭಕ್ಕೂ ದೊಡ್ಡ ಅಂತರವಿದ್ದರೆ ಸನ್ನಿವೇಶಗಳು ಸಾಲವು ಎಂದರ್ಥ. ಬಳಿಕ ಒಂದೊಂದೇ ಊಹೆಯನ್ನು ಬದಲಿಸಿ: ವೇಕ್ ಹರಡುವ ದರವನ್ನು 0.04 ಮಾಡಿ, ಹಡಗಿನ ಬಾಡಿಗೆಯನ್ನು ಒಂದೂವರೆ ಪಟ್ಟು ಮಾಡಿ, ಅಲೆಯ ಮಿತಿಯನ್ನು ಎರಡು ಮೀಟರಿಗೆ ಏರಿಸಿ. ಯಾವುದನ್ನು ಬದಲಿಸಿದಾಗ ತೀರ್ಮಾನವೇ ಬದಲಾಗುತ್ತದೋ ಅದನ್ನು ಮಾತ್ರ ವರದಿಯಲ್ಲಿ ಎತ್ತಿ ಹೇಳಿ.

ವರದಿಯಲ್ಲಿ ಒಂದೇ ಉತ್ತರ ಕೊಡಬೇಡಿ. ಎರಡು ಅಥವಾ ಮೂರು ವಿನ್ಯಾಸಗಳು, ಪ್ರತಿಯೊಂದರ ನಿರೀಕ್ಷಿತ ಉತ್ಪಾದನೆ, ಖರ್ಚು, ಕೆಟ್ಟ ವರ್ಷದ ಫಲಿತಾಂಶ ಇರಲಿ. ನಿರ್ಬಂಧಗಳ ಬೆಲೆಯನ್ನೂ ಬರೆಯಿರಿ. ಪೂರ್ಣಾಂಕ ಸಮಸ್ಯೆಯಲ್ಲಿ ಇದು ನೇರವಾಗಿ ಸಿಗುವುದಿಲ್ಲವಾದ್ದರಿಂದ, ಮೀನುಗಾರಿಕೆಗೆ ಬಿಟ್ಟ ಪಟ್ಟಿಯನ್ನು ಒಂದು ಚೌಕ ಅಗಲ ಮಾಡಿ ಮತ್ತೊಮ್ಮೆ ಬಿಡಿಸಿ, ಉತ್ಪಾದನೆ ಎಷ್ಟು ಇಳಿಯಿತು ಎಂದು ನೋಡಬೇಕು. ಇಳಿಕೆ ಶೇಕಡಾ ಅರ್ಧವೇ ಇದ್ದರೆ ಆ ಸಂಖ್ಯೆಯನ್ನು ವರದಿಯ ಮೊದಲ ಪುಟದಲ್ಲೇ ಹಾಕಿ; ಮೀನುಗಾರರೊಡನೆ ಮಾತುಕತೆಗೆ ಕೂರುವ ಅಧಿಕಾರಿಗೆ ಅದಕ್ಕಿಂತ ಉಪಯುಕ್ತವಾದ ಸಂಖ್ಯೆ ಇಡೀ ವರದಿಯಲ್ಲಿ ಇನ್ನೊಂದಿರಲಾರದು.